ಮಧ್ಯಾಹ್ನದ ಜಡೆ

ಈಗ ಎಡಗಡೆಯದು ಜಾರುತ್ತಿರಬೇಕು ಎಂದುಕೊಂಡಳು ಲೂಸಿಯಾನೆ. ಮೊದಲು ಜಾರುವುದು ಯಾವಾಗಲೂ ಎಡಗಡೆಯದೇ. ಕೃಷಿ ಕಚೇರಿಯ ಹಿಂದಿನ ಕೋಣೆಯಲ್ಲಿ, ಜರಡಿ ಹಿಡಿದ ಮಣ್ಣಿನ ತಟ್ಟೆಗಳ ಮುಂದೆ ಕೂತಿದ್ದವಳಿಗೆ, ಅದು ತನ್ನ ಕಿವಿಯ ಹಿಂದೆಯೇ ನಡೆಯುತ್ತಿದೆ ಅನ್ನಿಸಿತು. ಮೊದಲು ಕಿವಿಯ ಮೇಲಿನ ನಾಲ್ಕೆಳೆ ಹೊರಬರುತ್ತವೆ. ಆಮೇಲೆ ಕುತ್ತಿಗೆಯ ಹತ್ತಿರದ ಹೆಣಿಗೆ ಸಡಿಲವಾಗುತ್ತದೆ. ಆಮೇಲೆ ರಿಬ್ಬನ್ನು ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಊಟದ ಬಿಡುವಿನ ಹೊತ್ತಿಗೆ ಮಗಳು ಪಿಸಿಲಾಳ ತಲೆಗೆ ಬೆಳಿಗ್ಗೆ ಯಾರಾದರೂ ಕೈಹಚ್ಚಿದ್ದರು ಎಂದರೆ ನಂಬುವವರಿಲ್ಲ. ಕಿಟಕಿಯಾಚೆ ದ್ವೀಪದ ರಾಜಧಾನಿ ನುಕುಅಲೋಫಾದ ಬಿಸಿಲು, ಬಂದರಿನ ಕಡೆ ಹೋಗುವ ಲಾರಿಗಳ ಬಿಳಿ ಧೂಳು. ಬೆಳಿಗ್ಗೆ ಅವಳು ಎಷ್ಟು ಬಿಗಿಯಾಗಿ ಹೆಣೆದಿದ್ದಳೆಂದರೆ ಮಗುವಿನ ಕಣ್ಣಿನ ತುದಿಗಳು ಮೇಲಕ್ಕೆ ಎಳೆದುಕೊಂಡಿದ್ದವು. ಹಣೆಯ ಅಂಚಿನಲ್ಲಿ ಚರ್ಮ ಸಣ್ಣ ಗುಳ್ಳೆಗಳ ಹಾಗೆ ಎದ್ದಿತ್ತು. ಪಿಸಿಲಾ ಅಳಲಿಲ್ಲ. ಅವಳು ಅಳುವುದಿಲ್ಲ. ಅದನ್ನು ತನ್ನನ್ನು ನೋಡಿ ಕಲಿತಳೋ ಏನೋ ಎಂಬ ಯೋಚನೆ ಬಂದಾಗ ಲೂಸಿಯಾನೆ ಜರಡಿಯನ್ನು ಎತ್ತಿ ಮತ್ತೆ ಕೆಳಗಿಟ್ಟಳು.

ಇವತ್ತು ಸಂಜೆ ಲೆಸಿಯೇಲಿ ಕತ್ತರಿ ಹಿಡಿದುಕೊಂಡು ಬರುತ್ತಾಳೆ. ತೀರಿಹೋದ ಗಂಡ ಫೆಲೇತಿಯ ಅಕ್ಕ. ತಮ್ಮ ಸತ್ತರೆ ಅವನ ಮಕ್ಕಳ ಕೂದಲು ಅಕ್ಕನದು. ಅವಳು ಕೇಳುವುದಿಲ್ಲ, ಕೇಳಬೇಕಾಗಿಲ್ಲ. ಮಣ್ಣು ಮಾಡುವ ದಿನವೇ ಆಗಬೇಕಾಗಿದ್ದ ಕೆಲಸ. ಚಂಡಮಾರುತದ ಎಚ್ಚರಿಕೆಯಿಂದ ಆಕ್ಲೆಂಡಿನ ವಿಮಾನ ಹೊರಡದೆ ಅವಳು ಬರುವಷ್ಟರಲ್ಲಿ ಫೆಲೇತಿಯ ಮೇಲೆ ಬಿಳಿ ಮರಳು ಹರಡಿ ಆಗಿತ್ತು. ಆಗ ಅತ್ತು, ಕರೆದು, ಕೆಲಸಕ್ಕೆ ರಜೆಯಿಲ್ಲವೆಂದು ಹೋದಳು. ಈಗ ಮತ್ತೆ ಬಂದಿದ್ದಾಳೆ, ಸೂಟ್‌ಕೇಸಿನ ತುಂಬ ದನದ ಮಾಂಸದ ಡಬ್ಬಿಗಳು, ತಂಗಿಯರ ಮಕ್ಕಳಿಗೆಲ್ಲ ಚಪ್ಪಲಿ, ಮತ್ತು ಬಾಕಿ ಉಳಿದ ಆ ಒಂದು ಕೆಲಸ. ಮುಂದಿನ ಸಲ ಬಂದಾಗ ಕತ್ತರಿಸುತ್ತೇನೆ ಎಂದು ಅವಳು ಆಗ ಹೇಳಿದಾಗ ಲೂಸಿಯಾನೆ ತಲೆಯಾಡಿಸಿದ್ದಳು. ಆ ದಿನಗಳಲ್ಲಿ ಅವಳು ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ಸಾವಿನ ಮನೆಯಲ್ಲಿ ಯಾರು ಎಲ್ಲಿ ಕೂರಬೇಕು, ಯಾವ ಚಾಪೆ ಯಾರಿಗೆ, ಹಂದಿ ಯಾವುದು. ಎಲ್ಲರ ಬಾಯಿ ಅಲುಗುವುದು ಕಾಣುತ್ತಿತ್ತು, ಅವಳು ಹೂಂ ಅನ್ನುತ್ತಿದ್ದಳು. ಕಾಲಿನ ಒಂದು ಗಾಯ, ಮಾಗದ ಒಂದು ಗಾಯ, ಅದರಿಂದ ಒಬ್ಬ ಮನುಷ್ಯ ಇಲ್ಲವಾಗುವುದೆಂದರೆ ಏನೆಂದು ಅವಳಿಗೆ ಇನ್ನೂ ತಲೆಗೆ ಹತ್ತಿರಲಿಲ್ಲ. ಆದರೆ ಮಣ್ಣಾದ ಮೂರನೆಯ ದಿನ ಮಗುವಿನ ಬಿಚ್ಚಿದ ಕೂದಲನ್ನು ಬಾಚಿ, ಎರಡು ಜಡೆ ಹಾಕಿ, ಹಳದಿ ರಿಬ್ಬನ್ನು ಕಟ್ಟಿ ಶಾಲೆಗೆ ಕಳಿಸಿದ್ದಳು. ತಾನೇ ಮಾಡಿದ ಕೆಲಸ ಅದೊಂದೇ. ಊರು ಬಾಯಿ ಮೇಲೆ ಕೈ ಇಟ್ಟುಕೊಂಡಿತು. ಅಪ್ಪ ಸತ್ತ ಹುಡುಗಿ ಕೂದಲು ಬಿಟ್ಟುಕೊಂಡಿರಬೇಕು, ತಿಂಗಳುಗಟ್ಟಲೆ ಬಿಟ್ಟುಕೊಂಡಿರಬೇಕು. ಎಲ್ಲ ಹುಡುಗಿಯರಿಗೂ ಜಡೆ ಕಡ್ಡಾಯ ಮಾಡುವ ಶಾಲೆಯೂ ಆಗ ಜಡೆ ಕೇಳುವುದಿಲ್ಲ.

ಅದಕ್ಕೇ ಅವಳಿಗೆ ಆ ಜಾರುವಿಕೆ ಸಹಿಸಲಾಗುತ್ತಿರಲಿಲ್ಲ. ಪಿಸಿಲಾಳ ಕೂದಲು ನೂಲಿಗಿಂತ ತೆಳು, ನೀರಿನ ಹಾಗೆ ಬೆರಳಿನಿಂದ ಇಳಿದುಹೋಗುವಂಥದ್ದು. ಲೂಸಿಯಾನೆಯ ಅಜ್ಜಿಯ ಅಪ್ಪ, ಯಾರೋ ಜರ್ಮನ್ ವ್ಯಾಪಾರಿ, ವವಾಉ ದ್ವೀಪದಲ್ಲಿ ಬಿಟ್ಟುಹೋದ ಆಸ್ತಿ ಅದು. ಎಣ್ಣೆ ಹಚ್ಚಿದರೆ ಇನ್ನೂ ಬೇಗ ಜಾರುತ್ತದೆ. ಶನಿವಾರ ಸಮುದ್ರದಲ್ಲಿ ಮುಳುಗಿಸಿ ತೊಳೆಯದೆ ಬಿಟ್ಟರೆ ಉಪ್ಪಿಗೆ ಸ್ವಲ್ಪ ಒರಟಾಗಿ ಸೋಮವಾರ ಮಧ್ಯಾಹ್ನದವರೆಗೆ ನಿಲ್ಲುತ್ತದೆ, ಮಂಗಳವಾರ ಮತ್ತೆ ಅದೇ. ಒಮ್ಮೆ ಆರಾರೂಟ್ ಗಂಜಿ ಮಾಡಿ, ಬಟ್ಟೆಗೆ ಹಚ್ಚುವ ಹಾಗೆ ಬೆರಳಲ್ಲಿ ಹಚ್ಚಿ ಹೆಣೆದಳು. ಜಡೆ ಹಗ್ಗದ ಹಾಗೆ ನಿಂತಿತು. ಗೆದ್ದೆ ಎಂದುಕೊಂಡು ಕಚೇರಿಗೆ ಹೋದಳು. ಬಿಸಿಲಿಗೆ ಗಂಜಿ ಒಣಗಿ ಪುಡಿಪುಡಿಯಾಗಿ ಉದುರಿ, ಅದನ್ನು ಹೇನಿನ ಸೀರು ಎಂದು ತಿಳಿದ ಟೀಚರು ಪಿಸಿಲಾಳನ್ನು ದಿನವಿಡೀ ಬೇರೆ ಬೆಂಚಿನಲ್ಲಿ ಕೂರಿಸಿದರು. ಸುವಾ ನಗರದ ಯೂನಿವರ್ಸಿಟಿಯಲ್ಲಿ ಮಣ್ಣನ್ನು ಓದಿದವಳು ತಾನು, ಯಾವುದು ಯಾವುದಕ್ಕೆ ಅಂಟುತ್ತದೆ ಎಂದು ಬರೆದು ಪದವಿ ಪಡೆದವಳು. ಮಗಳ ತಲೆಯಿಂದ ಗಂಜಿ ತೊಳೆಯುತ್ತ ಅವಳಿಗೆ ನಗು ಬಂದಿತ್ತು. ನಗು ಬಂದದ್ದಕ್ಕೆ ನಾಚಿಕೆಯಾಗಿತ್ತು, ಯಾಕೆಂದರೆ ಅಳು ಇನ್ನೂ ಬಂದಿರಲಿಲ್ಲ.

ಎಡಗಡೆಯದು ಹೋಗಿರಬೇಕು. ಬಲಗಡೆಯದೂ ಹೊರಟಿರಬೇಕು. ಲೂಸಿಯಾನೆ ಎದ್ದು ಕೈ ತೊಳೆದು, ಕಪ್ಪು ಉಡುಪಿನ ಮೇಲೆ ಸೂತಕದವರು ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆಯನ್ನು ಬಿಗಿಮಾಡಿಕೊಂಡು ಹೊರಟಳು.

ಬಿಡುವಿನ ಹೊತ್ತಿನಲ್ಲಿ ತಾಯಂದಿರಿಗೆ ಶಾಲೆಯ ಒಳಗೆ ಪ್ರವೇಶವಿಲ್ಲ. ತಂತಿಬೇಲಿಯ ಮೂಲೆಯಲ್ಲಿ, ಬ್ರೆಡ್‌ಫ್ರೂಟ್ ಮರದ ನೆರಳಿನಲ್ಲಿ ನಿಂತರೆ ಯಾರೂ ಏನೂ ಹೇಳುವುದಿಲ್ಲ. ಪಿಸಿಲಾ ಬಂದು ಬೇಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಲೂಸಿಯಾನೆ ತಂತಿಯ ಕಣ್ಣುಗಳೊಳಗೆ ಬೆರಳು ತೂರಿಸಿ, ಕೂದಲನ್ನು ಈಚೆ ಎಳೆದುಕೊಂಡು ಹೆಣೆಯುತ್ತಾಳೆ. ಮೊದಮೊದಲು ಮಕ್ಕಳು ಸುತ್ತ ನಿಂತು ನೋಡುತ್ತಿದ್ದವು. ಹಸುವಿನ ಹಾಲು ಕರೀತಿದಾರೆ ಎಂದು ಒಬ್ಬಳು ಅಂದಳು, ಎಲ್ಲ ನಕ್ಕವು, ಪಿಸಿಲಾಳೂ ನಕ್ಕಳು. ಈಗ ಯಾರೂ ನೋಡುವುದಿಲ್ಲ. ನೋಡದೆ ಇರುವುದು ಇನ್ನೂ ಕಷ್ಟ ಎಂದು ಲೂಸಿಯಾನೆಗೆ ಅನ್ನಿಸಿತ್ತು. ಆದರೂ ಬರುವುದನ್ನು ಬಿಟ್ಟಿರಲಿಲ್ಲ. ರಸ್ತೆಯಲ್ಲಿ ಹೋಗುವ ಹೆಂಗಸರು ಬಿಚ್ಚಿದ ಕೂದಲು ನೋಡಿ ತಲೆ ತಗ್ಗಿಸಿ, ಅಯ್ಯೋ ಕಂದಾ ಎಂದು ಪಿಸಿಲಾಳ ಕೈಗೆ ಬಿಸಿ ಬಿಸಿ ಕರಿದ ಉಂಡೆ ತುರುಕುತ್ತಿದ್ದರು. ಅವಳ ಕೂದಲು ತೆಳು, ಅಷ್ಟೇ, ಅದು ದುಃಖ ಅಲ್ಲ, ಎಂದು ಬೀದಿಯಲ್ಲಿ ನಿಂತು ಕೂಗಬೇಕು ಅನ್ನಿಸುತ್ತಿತ್ತು.

"ತಡ ಮಾಡಿದೆ," ಅಂದಳು ಪಿಸಿಲಾ, ಬೆನ್ನು ತಿರುಗಿಸಿ ನಿಲ್ಲುತ್ತಾ.

"ದಾರೀಲಿ ಟ್ರಾಕ್ಟರ್ ಅಡ್ಡ ಇತ್ತು. ತಲೆ ಎತ್ತು. ಊಟ ಮಾಡಿದ್ಯಾ?"

"ಮಾಡ್ದೆ. ಗೆಣಸು ಮಾತ್ರ. ಮೀನು ಮಲಿಯಾಗೆ ಕೊಟ್ಟೆ."

"ಯಾಕೆ?"

"ಅವಳು ನನ್ನ ಪಾಲಿನ ಕಸ ಗುಡಿಸ್ತಾಳೆ. ಅವಳಿಗೇನೂ ಸಿಗಲ್ಲ ಪಾಪ."

ಎಡಗಡೆಯದನ್ನು ಮುಗಿಸುತ್ತಿದ್ದಾಗ ಹುಲ್ಲಿನ ಮೇಲೆ ಮೋಆಲಾ ಟೀಚರ್ ಬಂದರು. ದಪ್ಪ ಶರೀರ, ದೊಡ್ಡ ಬೀಸಣಿಗೆ, ಕರುಣೆಯ ಮುಖ. ಆ ಕರುಣೆ ದೂರದಿಂದಲೇ ಲೂಸಿಯಾನೆಗೆ ಬಿಸಿಲಿನ ಹಾಗೆ ತಾಗಿತು.

"ಬಿಟ್ಬಿಡಿ ಲೂಸಿಯಾನೆ," ಅಂದರು. "ದಿನಾ ಈ ಬಿಸಿಲಲ್ಲಿ ಯಾಕೆ ಬರ್ತೀರಿ? ಮಗು ಕೂದಲು ಬಿಟ್ಕೊಂಡೇ ಇರ್ಲಿ. ನಾವ್ಯಾರೂ ಏನೂ ಅನ್ನಲ್ಲ. ವರ್ಷ ಪೂರ್ತಿ ಅವಳಿಗೆ ಮಾಫಿ."

"ನಾನು ಮಾಫಿ ಕೇಳಿಲ್ಲ ಟೀಚರ್."

"ಕೇಳ್ಬೇಕಾ? ನಮಗೆ ಅರ್ಥ ಆಗಲ್ವಾ?"

"ಅರ್ಥ ಆಗೋಕೆ ಏನೂ ಇಲ್ಲ. ಕೂದಲು ತೆಳು. ಜಾರತ್ತೆ. ಅವರಪ್ಪ ಇದ್ದಾಗಲೂ ಜಾರ್ತಿತ್ತು."

ಮೋಆಲಾ ಟೀಚರ್ ಬೀಸಣಿಗೆಯನ್ನು ಎದೆಗೆ ಒತ್ತಿಕೊಂಡು, "ಆಯ್ತಮ್ಮ, ಆಯ್ತು," ಅಂದರು, ಜ್ವರ ಬಂದವರಿಗೆ ಹೇಳುವ ಹಾಗೆ, ಮತ್ತು ಹೋದರು. ಲೂಸಿಯಾನೆಯ ಕಿವಿ ಬಿಸಿಯಾಗಿತ್ತು. ಸರಿಯಾಗಿ ಹೇಳಿದೆ, ಇಷ್ಟು ದಿನಕ್ಕೆ ಒಂದು ಮಾತು ಸರಿಯಾಗಿ ಹೇಳಿದೆ ಎಂದುಕೊಳ್ಳುತ್ತ ಬೇಲಿಯೊಳಗೆ ಅಂಗೈ ಚಾಚಿದಳು. "ರಿಬ್ಬನ್ ಕೊಡು."

ಪಿಸಿಲಾ ಜೇಬಿನಿಂದ ತೆಗೆದು ಕೊಟ್ಟಳು. ಎರಡು ರಿಬ್ಬನ್ನು. ಎರಡನ್ನೂ ಬೆರಳಿಗೆ ಸುತ್ತಿ, ಪುಟ್ಟ ಹಳದಿ ಸುರುಳಿ ಮಾಡಿ, ತುದಿಯನ್ನು ಒಳಗೆ ಸಿಕ್ಕಿಸಿ ಇಟ್ಟಿದ್ದಳು. ಲೂಸಿಯಾನೆ ಅವುಗಳನ್ನೇ ನೋಡಿದಳು. ಅಂಗಡಿಯಲ್ಲಿ ಇಡುವ ಹಾಗೆ ಇದ್ದವು. ಜಾರಿ ಬಿದ್ದ ರಿಬ್ಬನ್ನಿಗೆ ಧೂಳಿರುತ್ತದೆ, ಸುಕ್ಕಿರುತ್ತದೆ.

"ಇದು ಬಿತ್ತಾ?"

ಪಿಸಿಲಾಳ ಬೆನ್ನು ಅಲುಗಲಿಲ್ಲ. ಬೇಲಿಯಾಚೆ ಯಾರೋ ಚೆಂಡು ಒದ್ದರು. "ನಾನೇ ಬಿಚ್ಚಿದೆ," ಅಂದಳು.

"ಇವತ್ತು?"

"ದಿನಾ."

ಲೂಸಿಯಾನೆಯ ಬೆರಳುಗಳು ತಂತಿಯೊಳಗೇ ನಿಂತವು. ಏನೋ ಹೇಳಬೇಕು. ಬೈಯಬೇಕು. ಇಷ್ಟು ಬಿಸಿಲು, ಇಷ್ಟು ದಾರಿ, ಈಗತಾನೆ ಟೀಚರಿಗೆ ಹೇಳಿದ ಆ ಮಾತು. "ಯಾಕೇ?"

"ಬಿಟ್ಕೊಂಡ್ರೆ ಕಸ ಗುಡಿಸೋ ಹಾಗಿಲ್ಲ. ಸಾಲಲ್ಲಿ ಮುಂದೆ ನಿಲ್ಲಿಸ್ತಾರೆ." ಕಾಲ ತುದಿಯಿಂದ ಹುಲ್ಲು ಕೆದಕಿದಳು. "ಮತ್ತೆ, ಬಿಟ್ಕೊಂಡ್ರೆ ಎಲ್ಲರೂ ಅಪ್ಪನ ಮಾತಾಡ್ತಾರೆ. ಕಟ್ಕೊಂಡ್ರೆ ಯಾರೂ ಆಡಲ್ಲ. ನೀನೂ ಆಡಲ್ಲ."

ಗಂಟೆ ಹೊಡೆಯಿತು. ಲೂಸಿಯಾನೆ ಎಡಜಡೆಯ ತುದಿಗೆ ಒಂದು ರಿಬ್ಬನ್ನನ್ನು ಹೇಗೋ ಸುತ್ತಿ ಕಟ್ಟಿದಳು. ಪಿಸಿಲಾ ಹಿಂದಿರುಗಿ ನೋಡದೆ ಓಡಿದಳು, ತಲೆಯ ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಚ್ಚಿದ ಕೂದಲು. ಒಂದು ಸುರುಳಿ ಲೂಸಿಯಾನೆಯ ಅಂಗೈಯಲ್ಲೇ ಉಳಿದಿತ್ತು.

ಮಧ್ಯಾಹ್ನವೆಲ್ಲ ಅವಳು ಒಂದೇ ತಟ್ಟೆಯ ಮಣ್ಣನ್ನು ಜರಡಿ ಹಿಡಿದಳು. ಮಗಳ ಮೇಲೆ ಸಿಟ್ಟು ಬರಲೆಂದು ಕಾದಳು. ಬರಲಿಲ್ಲ. ಬದಲಿಗೆ ಸಾವಿನ ಮನೆಯ ಒಂದು ಮೂಲೆ ನೆನಪಿಗೆ ಬಂತು: ಎಲ್ಲರೂ ಒಬ್ಬೊಬ್ಬರಾಗಿ ಬಗ್ಗಿ ಫೆಲೇತಿಯ ಹಣೆಗೆ ಮುತ್ತಿಡುತ್ತಿದ್ದರು, ಹಿತ್ತಲಿನಲ್ಲಿ ಅಡುಗೆಯ ಹೊಗೆ, ಪಿಸಿಲಾ ಬಾಗಿಲಿನ ಹತ್ತಿರ ನಿಂತಿದ್ದಳು. ಮಕ್ಕಳು ಅಪ್ಪನ ತಲೆ ಮುಟ್ಟುವ ಹಾಗಿಲ್ಲ. ಬದುಕಿದ್ದಾಗಲೂ ಇಲ್ಲ, ಸತ್ತಾಗಲೂ ಇಲ್ಲ. ಪಿಸಿಲಾ ಚಿಕ್ಕವಳಿದ್ದಾಗ ಫೆಲೇತಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ. ಅವಳು ಬೀಳುವ ಹಾಗಾದರೂ ಕೈಗಳನ್ನು ಗಾಳಿಯಲ್ಲೇ ಹಿಡಿದುಕೊಂಡಿರುತ್ತಿದ್ದಳು, ಅವನ ಕೂದಲು ಹಿಡಿಯುತ್ತಿರಲಿಲ್ಲ. ನೋಡಿದವರು ಮಗೂಗೆ ಎಷ್ಟು ತಿಳುವಳಿಕೆ ಅನ್ನುತ್ತಿದ್ದರು. ಅವತ್ತು ಬಾಗಿಲಲ್ಲಿ ನಿಂತು ಅವಳು ಏನು ಯೋಚಿಸುತ್ತಿದ್ದಳು? ಲೂಸಿಯಾನೆ ಯೋಚಿಸುತ್ತಿದ್ದುದು ಮಾತ್ರ ಒಂದೇ: ಇವಳ ಕೂದಲಿಗೆ ಹೊಗೆ ವಾಸನೆ ಹಿಡಿಯುತ್ತದೆ, ನಾಳೆ ತೊಳೆಯಬೇಕು.

ಮನೆಗೆ ಬಂದಾಗ ಲೆಸಿಯೇಲಿ ಆಗಲೇ ಚಾಪೆಯ ಮೇಲ್ತುದಿಯಲ್ಲಿ, ಅಕ್ಕನಿಗೆ ಸಲ್ಲುವ ತನ್ನ ಜಾಗದಲ್ಲಿ ಕೂತಿದ್ದಳು. ಎದುರಿಗೆ ಕೆಸುವಿನೆಲೆಯಲ್ಲಿ ಮಾಂಸ, ತೆಂಗಿನಹಾಲು ಸುತ್ತಿ ಬೇಯಿಸಿದ ಗಂಟುಗಳು, ಆವಿಯಾಡುತ್ತಿದ್ದವು. ಅವಳೇ ಮಾಡಿ ತಂದಿದ್ದಳು. ಪಕ್ಕದಲ್ಲಿ ಮರದ ನಾರಿನ ಬಟ್ಟೆಯ ತುಂಡಿನಲ್ಲಿ ಸುತ್ತಿಟ್ಟದ್ದು ಏನೆಂದು ಬಿಚ್ಚಿ ನೋಡಬೇಕಾಗಿರಲಿಲ್ಲ. ಪಿಸಿಲಾ ಗೋಡೆಗೆ ಒರಗಿ ಕೂತಿದ್ದಳು, ಒಂದೇ ಜಡೆಯಲ್ಲಿ.

"ನೋಡೇ ಇವಳನ್ನ!" ಅಂದಳು ಲೆಸಿಯೇಲಿ, ಹೊಟ್ಟೆ ಕುಲುಕಿಸಿ ನಗುತ್ತ. "ಅರ್ಧ ಮದುವೆ ಮನೆಗೆ, ಅರ್ಧ ಸಾವಿನ ಮನೆಗೆ. ಆಕ್ಲೆಂಡಲ್ಲಿ ಇಂಥ ತಲೆಗೆ ಜನ ದುಡ್ಡು ಕೊಟ್ಟು ಹೋಗ್ತಾರೆ ಕಣೇ. ಬಾ, ಕೂತ್ಕೋ. ತಿನ್ನು. ಒಣಗಿದ ಮೀನಾಗಿದೀಯ. ನನ್ನ ತಮ್ಮ ನೋಡಿದ್ರೆ ನನ್ನನ್ನೇ ಬೈತಿದ್ದ, ಹೆಂಡ್ತಿಗೆ ಊಟ ಹಾಕಲಿಲ್ಲ ಅಂತ."

ಲೂಸಿಯಾನೆ ಚಾಪೆಯ ಕೆಳತುದಿಯಲ್ಲಿ ಕೂತಳು. "ಬೇಡ ಅತ್ತಿಗೆ."

"ಬೇಡ ಅಂದ್ರೆ? ಬೆಳಿಗ್ಗೆಯಿಂದ ಒಲೆ ಮುಂದೆ ಕೂತಿದೀನಿ. ತಿನ್ನು."

"ಊಟ ಅಲ್ಲ. ಕತ್ತರಿ ಬೇಡ."

ಲೆಸಿಯೇಲಿ ಎಲೆಯ ಗಂಟು ಬಿಚ್ಚುತ್ತಿದ್ದವಳು ಬಿಚ್ಚುತ್ತಲೇ ಇದ್ದಳು. ಬೆರಳು ಸುಟ್ಟಿತೇನೋ, ತುಟಿಗೆ ಒತ್ತಿಕೊಂಡಳು. ಇಂಥ ಮಾತನ್ನು ಅವಳು ಎಂದೂ ಕೇಳಿರಲಿಲ್ಲ. ಅವಳಿಗೆ ಬೇಡ ಅನ್ನುವವರು ಈ ಮನೆತನದಲ್ಲಿ ಯಾರೂ ಇರಲಿಲ್ಲ. ಫೆಲೇತಿಯ ಹೊಸ ಬೈಕು ಅವಳಿಗೆ ಇಷ್ಟವಾದಾಗ ಅವನು ಕೀಲಿಕೈ ಕೊಟ್ಟು ನಡೆದುಕೊಂಡು ಮನೆಗೆ ಬಂದಿದ್ದ, ನಗುತ್ತಲೇ.

"ನೀನು ದಣಿದಿದೀಯ," ಅಂದಳು ಕೊನೆಗೆ.

"ಇಲ್ಲ."

"ಓದಿದೋಳು ನೀನು. ನಿಂಗೆ ಇದೆಲ್ಲ ಕಾಡುತನ ಅನ್ಸತ್ತೆ."

"ಅದೂ ಅಲ್ಲ ಅತ್ತಿಗೆ."

"ಮತ್ತೇನೇ? ಶಾಲೇಲಿ ಚೆಂದ ಕಾಣ್ಬೇಕು ಅಂತಾನಾ? ಈ ಕೂದಲೊಂದು ಚೆಂದಾನಾ? ಇದು ನಮ್ಮ ಕಡೇದೇ ಅಲ್ಲ. ಬೆಕ್ಕಿನ ಮರಿ ಮೈ ಹಾಗಿದೆ."

"ನಿಮ್ಮ ಕಡೇದಲ್ಲ ಅಂದ್ಮೇಲೆ ನಿಮಗೆ ಯಾಕೆ?"

ಹೇಳಿಬಿಟ್ಟಳು. ಗೋಡೆಯ ಹತ್ತಿರ ಪಿಸಿಲಾ ಉಸಿರು ಹಿಡಿದದ್ದು ಕೇಳಿಸಿತು. ಲೆಸಿಯೇಲಿಯ ಮುಖ ಕೆಂಪಾಗಲಿಲ್ಲ, ಅದು ಸುಮ್ಮನೆ ಸಡಿಲವಾಯಿತು, ಒಮ್ಮೆಲೇ ವಯಸ್ಸಾದ ಹಾಗೆ.

"ಅವನ ತಲೆ ಹತ್ರ ಕೂರಬೇಕಾದೋಳು ನಾನು," ಅಂದಳು. "ನಾನು ಏರ್‌ಪೋರ್ಟಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ದೆ, ಕರಿ ಬಟ್ಟೆ ಹಾಕ್ಕೊಂಡು, ಚಾಪೆ ಸುತ್ಕೊಂಡು. ಅಲ್ಲಿ ಕಾಫಿ ಮಾರೋ ಹುಡುಗಿ ಕೇಳ್ತಾಳೆ, ಡಾನ್ಸ್ ಪ್ರೋಗ್ರಾಮ್ ಇದೆಯಾ ಮೇಡಂ ಅಂತ. ನನ್ನ ಜಾಗದಲ್ಲಿ ಚಿಕ್ಕಪ್ಪನ ಮಗಳನ್ನ ಕೂರಿಸಿದ್ರಿ. ನಾನು ಅವನ ಮುಖ ನೋಡಲಿಲ್ಲ ಕಣೇ. ನನಗೆ ಉಳಿದಿರೋದು ಇದೊಂದು."

ಲೂಸಿಯಾನೆ ಬಿಚ್ಚಿದ ಎಲೆಯ ಅಂಚನ್ನು ಮಡಚಿದಳು. ಈ ಹೆಂಗಸು ಅತ್ತಿದ್ದಾಳೆ, ಅಳುತ್ತಾಳೆ, ಅಳಲು ಒಂದು ಜಾಗ ಕೇಳುತ್ತಿದ್ದಾಳೆ. ತಾನು ಏನು ಹಿಡಿದುಕೊಂಡು ಕೂತಿದ್ದೇನೆ? ಬೆಳಿಗ್ಗೆಯವರೆಗೆ ಅವಳ ಹತ್ತಿರ ಒಂದು ಜಡೆಯಿತ್ತು, ನೇರವಾದ ಬೈತಲೆಯಿತ್ತು, ಈ ಕೂದಲಿಗೂ ಸಾವಿಗೂ ಸಂಬಂಧವಿಲ್ಲ ಎಂಬ ಹಟವಿತ್ತು. ಅದನ್ನು ಮಗಳೇ ದಿನಾ ಬಿಚ್ಚಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಈಗ ಹಟವೂ ಇಲ್ಲ. ಹೂಂ ಅಂದುಬಿಡಬಹುದು. ತಲೆಯಾಡಿಸಿದರೆ ಸಾಕು, ಕುತ್ತಿಗೆಗೆ ಅದು ರೂಢಿಯಾಗಿತ್ತು, ಇನ್ನೇನು ಆಡಿಸಿಯೇ ಬಿಡುತ್ತಿತ್ತು.

"ಪಿಸಿಲಾ," ಅಂದಳು. "ನಿಂಗೇನು ಬೇಕು?"

"ಮಗೂನ ಕೇಳ್ತೀಯಾ!" ಲೆಸಿಯೇಲಿ ತೊಡೆ ಚಚ್ಚಿಕೊಂಡಳು. "ಹಂದೀನ ಕೇಳಿ ಒಲೆ ಹಚ್ತೀಯಾ?"

"ಕೇಳ್ತೀನಿ. ಹೇಳು ಪಿಸಿಲಾ."

ಪಿಸಿಲಾ ಇಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದಳು. ಅವಳ ಮುಖ ಬೆವರಿತ್ತು. ಇದು ಯಾರೂ ಅವಳಿಗೆ ಕಲಿಸದ ಪಾಠ. "ಅತ್ತೆ," ಅಂದಳು, ತುಂಬ ಮೆತ್ತಗೆ, "ನೀವು ಕತ್ತರಿಸೋದು ಬೇಡ." ಗೆದ್ದೆ ಎಂದುಕೊಂಡಳು ಲೂಸಿಯಾನೆ. ಆಗ ಮಗು ಅವಳ ಕಡೆ ತಿರುಗಿತು. "ನೀನು ಕಟ್ಟೋದೂ ಬೇಡ. ನೋಯತ್ತೆ. ನನ್ನ ತಲೆ ಅದು."

ಒಲೆಯ ಹೊಗೆ ವಾಸನೆ, ತೆಂಗಿನಹಾಲಿನ ವಾಸನೆ. ಪಕ್ಕದ ಚರ್ಚಿನಲ್ಲಿ ಹಾಡಿನ ತಾಲೀಮು ಶುರುವಾಗಿತ್ತು, ಗಂಡಸರ ದನಿ ಒಂದೇ ಸಾಲನ್ನು ಮತ್ತೆ ಮತ್ತೆ ತಪ್ಪುತ್ತಿತ್ತು. ಮೊದಲು ನಕ್ಕವಳು ಲೆಸಿಯೇಲಿ, ಖುಷಿಯಿಲ್ಲದ ನಗು. "ಆಯ್ತಲ್ಲ? ನಿನ್ನನ್ನೂ ಹೊರಗೆ ಹಾಕಿದ್ಲು. ಈಗ್ಲಾದ್ರೂ ಹಿಡ್ಕೋ ಅವಳನ್ನ."

"ಹಿಡ್ಕೊಳಲ್ಲ," ಅಂದಳು ಲೂಸಿಯಾನೆ. ದನಿ ನಡುಗಿತು, ನಡುಗಲಿ ಎಂದು ಬಿಟ್ಟಳು. "ಅವಳು ಹೇಳಿದ್ದೇ."

ಲೆಸಿಯೇಲಿ ನಾರುಬಟ್ಟೆಯ ಗಂಟನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಏಳುವುದಕ್ಕೆ ಅವಳಿಗೆ ಕಷ್ಟವಾಯಿತು, ಮಂಡಿ ನೋವು. ಲೂಸಿಯಾನೆ ಕೈ ಕೊಡಲು ಹೋದಳು. ಲೆಸಿಯೇಲಿ ಗೋಡೆ ಹಿಡಿದುಕೊಂಡಳು. "ಇನ್ನು ನಮ್ಮಲ್ಲಿ ಮದುವೆ, ಸಾವು ಏನಾದ್ರೂ ಆದ್ರೆ ನೀನು ಎಲ್ಲಿ ಕೂರ್ತೀಯ ಯೋಚನೆ ಮಾಡ್ಕೋ," ಅಂದಳು ಬಾಗಿಲಲ್ಲಿ. "ನಾನು ಹೇಳಬೇಕಾಗಿಲ್ಲ. ಅವರೇ ಜಾಗ ತೋರಿಸ್ತಾರೆ." ಊಟ ತಿನ್ನದೆ ಹೋದಳು. ತಾನೇ ಬೇಯಿಸಿ ತಂದದ್ದನ್ನು ತಿನ್ನದೆ ಹೋದಳು, ಅದಕ್ಕಿಂತ ದೊಡ್ಡ ಮಾತು ಇಲ್ಲಿ ಇಲ್ಲ. ನಾಳೆ ಬೆಳಿಗ್ಗೆ ಹೊತ್ತಿಗೆ ಊರಿಗೆಲ್ಲ ಗೊತ್ತಿರುತ್ತದೆ. ತಾಯಿ ಮಗಳು ಎಲೆ ಬಿಚ್ಚಿ ತಿಂದರು. ಉಪ್ಪು ಹದವಾಗಿತ್ತು.

"ಅಪ್ಪನ ತಲೆ ಹೇಗಿತ್ತಮ್ಮ?" ಅಂದಳು ಪಿಸಿಲಾ ಮಧ್ಯದಲ್ಲಿ. "ಮುಟ್ಟೋಕೆ."

ಲೂಸಿಯಾನೆ ತುತ್ತು ಕೆಳಗಿಟ್ಟಳು. "ಒರಟು," ಅಂದಳು. "ತೆಂಗಿನ ನಾರಿನ ಹಾಗೆ. ಬೆಳಿಗ್ಗೆ ಎದ್ದಾಗ ಎಲ್ಲಾ ಒಂದೇ ಕಡೆ ನಿಂತಿರ್ತಿತ್ತು. ಬಾಚಣಿಗೆ ಮುರಿದುಹೋಗ್ತಿತ್ತು." ಇನ್ನೂ ಹೇಳಿದಳು. ಮಾತು ಮುಗಿಯುವ ಮೊದಲೇ ಎಲೆಯ ಮೇಲೆ ಬಗ್ಗಿ, ಎಷ್ಟೋ ತಿಂಗಳ ನಂತರ ಮೊದಲ ಸಲ ಅತ್ತಳು, ಬೆರಳಿಗೆ ತೆಂಗಿನಹಾಲು ಮೆತ್ತಿದ್ದಂತೆಯೇ, ಅಸಹ್ಯವಾಗಿ. ಪಿಸಿಲಾ ನೋಡುತ್ತ ಕೂತಳು, ಆಮೇಲೆ ನೀರು ತಂದಿಟ್ಟಳು.

ಬೆಳಿಗ್ಗೆ ಪಿಸಿಲಾ ಕನ್ನಡಿಯ ಮುಂದೆ ತುಂಬ ಹೊತ್ತು ನಿಂತಳು. ಇವತ್ತು ತಾನೇ ಕಟ್ಟಿಕೊಳ್ಳಬೇಕು ಅನ್ನಿಸಿದೆ ಅಂದಳು, ಯಾಕೆಂದು ಹೇಳಲಿಲ್ಲ. ಬೈತಲೆ ಕಿವಿಯ ಕಡೆ ಹೊರಟು ನಡುವೆ ಮನಸ್ಸು ಬದಲಾಯಿಸಿತು. ಒಂದು ಜಡೆ ದಪ್ಪ, ಒಂದು ಇಲಿಬಾಲ. ಲೂಸಿಯಾನೆ ತನ್ನ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೋಡಿದಳು. ಅವು ಒಳಗೇ ಚಡಪಡಿಸುತ್ತಿದ್ದವು. ರಸ್ತೆಯಲ್ಲಿ ಒಬ್ಬಿಬ್ಬರು ಮಾತಾಡಿಸದೆ ಪಕ್ಕಕ್ಕೆ ಸರಿದರು. ಸುದ್ದಿ ಅವರಿಗಿಂತ ಬೇಗ ಎದ್ದಿತ್ತು. ಲೂಸಿಯಾನೆ ತಾನೇ ಮೊದಲು, ಹೆಸರು ಹಿಡಿದು, ಜೋರಾಗಿ ಅವರಿಗೆ ಶುಭ ಮುಂಜಾವು ಹೇಳಿದಳು.

ಶಾಲೆಯ ಗೇಟಿನಲ್ಲಿ ಮೋಆಲಾ ಟೀಚರ್ ತಲೆಗಳನ್ನು ನೋಡಿ ನೋಡಿ ಒಳಗೆ ಬಿಡುತ್ತಿದ್ದರು. ಪಿಸಿಲಾಳ ಮುಂದೆ ಬೀಸಣಿಗೆ ನಿಂತಿತು. ಹುಬ್ಬು ಏರಿತು, ಮುಖಕ್ಕೆ ಆ ಕರುಣೆ ಬಂತು, "ಅಯ್ಯೋ ಕಂದಾ, ಬೆಳಿಗ್ಗೇನೇ ಜಾರಿಹೋಯ್ತಾ?" ಎಂದು ಬಿಚ್ಚಿಬಿಡಲು ಕೈ ಚಾಚಿದರು.

"ಮುಟ್ಬೇಡಿ ಟೀಚರ್," ಅಂದಳು ಲೂಸಿಯಾನೆ. ಸಾಲಿನಲ್ಲಿದ್ದ ಹುಡುಗಿಯರೆಲ್ಲ ತಿರುಗಿ ನೋಡಿದರು. "ಅದು ಜಾರಿಲ್ಲ. ಅವಳು ಹಾಕ್ಕೊಂಡಿರೋದೇ ಹಾಗೆ."